ಸಾಕ್ಷಿಯ ಸತ್ಯ ಮತ್ತು ಸಮುದಾಯ: ಪಂಡಿತಾ ರಮಾಬಾಯಿಯವರ ಬದುಕಿನ ಒಂದು ಅವಲೋಕನ

೧

ಕ್ರೈಸ್ತ ಸಮುದಾಯಗಳಲ್ಲಿ, ಅದರಲ್ಲಿಯೂ ಪ್ರಾಟೆಸ್ಟಂಟ್ ಸಭೆಗಳಲ್ಲಿ, ಸಾಕ್ಷಿ ಹೇಳುವ ರೂಢಿಯೊಂದಿದೆ. ವಿಶ್ವಾಸಿಯು ಸಹವಿಶ್ವಾಸಿಗಳ ಎದುರು ನಿಂತು ತನ್ನ ಹಿಂದಿನ ಬದುಕನ್ನು, ತನಗೆ ದೊರೆತ ಕರೆಯನ್ನು, ಆ ಬಳಿಕ ಉಂಟಾದ ಬದಲಾವಣೆಯನ್ನು ನಿರೂಪಿಸುವ ಕ್ರಮವಿದು. ಸಾಕ್ಷಿ ಎಂಬ ಪದ ನ್ಯಾಯಸ್ಥಾನಕ್ಕೂ ಸೇರಿದುದು. ಕಂಡದ್ದನ್ನು ಕಂಡಂತೆ ಹೇಳಬೇಕೆಂಬ ನಿಯಮ ಆ ಪದದಲ್ಲಿಯೇ ಅಡಗಿದೆ. ಆದರೆ ಈ ಕಥನಪ್ರಕಾರದ ಒಂದು ತೊಡಕನ್ನು ಗಮನಿಸಬೇಕು. ಕೇಳುವ ಸಭೆಗೆ ಕಥೆಯ ಮುಕ್ತಾಯ ಮೊದಲೇ ತಿಳಿದಿರುತ್ತದೆ. ಕತ್ತಲು, ಕರೆ, ಬೆಳಕು ಎಂಬ ಮೂರು ಘಟ್ಟಗಳ ಅಚ್ಚು ಸಿದ್ಧವಾಗಿರುತ್ತದೆ. ಹೇಳುವವರ ಅನುಭವ ಆ ಅಚ್ಚಿಗೆ ಹೊಂದದಿದ್ದಾಗ ಅವರ ಮುಂದೆ ಎರಡು ದಾರಿಗಳಿರುತ್ತವೆ: ಅನುಭವವನ್ನು ಅಚ್ಚಿಗೆ ತಕ್ಕಂತೆ ಕತ್ತರಿಸಿಕೊಳ್ಳುವುದು, ಇಲ್ಲವೆ ಸಭೆಯ ಅಸಮಾಧಾನವನ್ನು ಎದುರಿಸುವುದು.

ಪಂಡಿತಾ ರಮಾಬಾಯಿಯವರ (೧೮೫೮-೧೯೨೨) ಬದುಕನ್ನು ಸಮಾಜಸುಧಾರಣೆಯ ಚರಿತ್ರೆಯಲ್ಲಿ, ಸ್ತ್ರೀಶಿಕ್ಷಣದ ಚರಿತ್ರೆಯಲ್ಲಿ ಮತ್ತು ಈಚಿನ ದಶಕಗಳಲ್ಲಿ ಸ್ತ್ರೀವಾದಿ ಅಧ್ಯಯನಗಳಲ್ಲಿ ವಿಸ್ತಾರವಾಗಿ ಚರ್ಚಿಸಲಾಗಿದೆ. ಅವರು ತಮ್ಮ ವಿಶ್ವಾಸದ ಕಥೆಯನ್ನು ಯಾರ ಮುಂದೆ, ಹೇಗೆ ಹೇಳಿದರು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಆ ಕಥೆಯನ್ನು ಅವರು ಒಮ್ಮೆಗೇ ಹೇಳಿ ಮುಗಿಸಲಿಲ್ಲ. ವಾಂಟೇಜಿನ ಆಂಗ್ಲಿಕನ್ ಸಂನ್ಯಾಸಿನಿಯರ ಮುಂದೆ, ಪುಣೆಯ ಹಿಂದೂ ಸುಧಾರಕರ ಮುಂದೆ, ಕೇಡಗಾವಿನ ಮುಕ್ತಿ ಸದನದ ಸ್ತ್ರೀಯರ ಮುಂದೆ ಅವರು ಬೇರೆಬೇರೆ ಕಾಲಗಳಲ್ಲಿ ತಮ್ಮ ನಂಬಿಕೆಯ ಲೆಕ್ಕ ಒಪ್ಪಿಸಬೇಕಾಯಿತು. ಪ್ರತಿಬಾರಿಯೂ ಎದುರಿಗಿದ್ದ ಸಮುದಾಯ ಕೇಳಬಯಸದ ಒಂದು ಅಂಶ ಅವರ ಮಾತಿನಲ್ಲಿತ್ತು. ಈ ಅಂಶವನ್ನು ಎಳೆಯಾಗಿ ಹಿಡಿದು ಅವರ ಬದುಕನ್ನು ಪುನರವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ರಮಾಬಾಯಿಯವರ ಜನನ ೧೮೫೮ರ ಏಪ್ರಿಲ್ ೨೩ರಂದು, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೆನಿಸಿದ ಆ ದಟ್ಟಾರಣ್ಯದಲ್ಲಿ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಆಶ್ರಮ ಕಟ್ಟಿಕೊಂಡಿದ್ದರು. ಅನಂತಶಾಸ್ತ್ರಿಗಳು ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಬ್ರಾಹ್ಮಣ ಮನೆತನಕ್ಕೆ ಸೇರಿದವರು. ಪುಣೆಯಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ ಅವರ ಗುರುಗಳು ಪೇಶ್ವೆ ಅರಮನೆಯ ರಾಣಿಗೆ ಸಂಸ್ಕೃತ ಕಲಿಸುತ್ತಿದ್ದುದು ಅವರ ಮನಸ್ಸಿನಲ್ಲಿ ಬೇರೂರಿತು. ತಮಗಿಂತ ಬಹಳ ಕಿರಿಯರಾದ ಎರಡನೆಯ ಪತ್ನಿ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತ ಕಲಿಸಿದರು. ಇದು ಬಂಧುಬಾಂಧವರ ವಿರೋಧಕ್ಕೆ ಕಾರಣವಾಯಿತು. ಉಡುಪಿಯಲ್ಲಿ ಪಂಡಿತರ ಸಭೆಯ ಎದುರು ಅವರು ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರವಿರುದ್ಧವಲ್ಲವೆಂದು ಪ್ರಮಾಣಗಳ ಮೂಲಕ ಸಮರ್ಥಿಸಿಕೊಳ್ಳಬೇಕಾಯಿತು. ತಾನು ನಂಬಿದ್ದನ್ನು ಸಭೆಯ ಎದುರು ನಿಂತು ಹೇಳುವ ಪ್ರಸಂಗ ಹೀಗೆ ರಮಾಬಾಯಿಯವರ ಮನೆತನದಲ್ಲಿ ಅವರ ಜನನಕ್ಕೂ ಮೊದಲೇ ನಡೆದಿತ್ತು.

ಮಗುವಿಗೆ ಆರು ತಿಂಗಳಾಗುವ ವೇಳೆಗೆ ಕುಟುಂಬ ಗಂಗಾಮೂಲವನ್ನು ತೊರೆಯಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಅದನ್ನು ಘಟ್ಟದಿಂದ ಇಳಿಸಲಾಯಿತು. ಅಲ್ಲಿಂದ ಮುಂದೆ ಇಡೀ ಕುಟುಂಬದ್ದು ತೀರ್ಥಕ್ಷೇತ್ರಗಳ ಸಂಚಾರ. ದೇವಾಲಯದ ಪ್ರಾಂಗಣದಲ್ಲಿ, ನದೀತೀರದಲ್ಲಿ ಪುರಾಣ ಪಠಿಸುವುದು, ಕೇಳುಗರು ಇತ್ತ ದಾನದಿಂದ ಜೀವಿಸುವುದು ಅವರ ವೃತ್ತಿ. ಎಂಟನೆಯ ವಯಸ್ಸಿನಿಂದ ತಾಯಿಯೇ ರಮಾಬಾಯಿಯವರಿಗೆ ಸಂಸ್ಕೃತ ಕಲಿಸಿದರು. ಹದಿನೈದು ತುಂಬುವಷ್ಟರಲ್ಲಿ ಭಾಗವತದ ೧೮೦೦೦ ಶ್ಲೋಕಗಳು ಕಂಠಸ್ಥವಾಗಿದ್ದವು. ಮರಾಠಿ, ಕನ್ನಡ, ಹಿಂದುಸ್ತಾನಿ, ಬಂಗಾಳಿ ಭಾಷೆಗಳು ಸಂಚಾರದ ನಡುವೆಯೇ ದಕ್ಕಿದವು.

೧೮೭೦ರ ದಶಕದ ಕ್ಷಾಮ ಈ ಕುಟುಂಬವನ್ನು ನುಂಗಿತು. ಇದ್ದ ಹಣವೆಲ್ಲ ವ್ರತ, ದಾನ, ದೇವತಾರ್ಚನೆಗಳಲ್ಲಿ ಮುಗಿದಿತ್ತು. ಕೂಲಿ ಮಾಡುವುದನ್ನಾಗಲಿ ಭಿಕ್ಷೆ ಬೇಡುವುದನ್ನಾಗಲಿ ಅವರು ಕಲಿತಿರಲಿಲ್ಲ. ಪವಿತ್ರ ತೀರ್ಥದಲ್ಲಿ ಮುಳುಗಿ ದೇಹತ್ಯಾಗ ಮಾಡುವ ನಿರ್ಧಾರದವರೆಗೆ ಅವರು ಹೋದರು. ಕೊನೆಯ ಕ್ಷಣದಲ್ಲಿ ಅಣ್ಣ ಶ್ರೀನಿವಾಸರು ಕೂಲಿಗೆ ಹೋಗುವೆನೆಂದು ಮುಂದೆ ಬಂದರು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ತಾಯಿಯ ಶವ ಹೊರಲು ಜನ ಸಿಗದೆ, ಕರುಣೆ ತೋರಿದ ಇಬ್ಬರು ಬ್ರಾಹ್ಮಣರ ಜೊತೆಗೆ ಅಣ್ಣ ಮತ್ತು ತಂಗಿ ಹೆಗಲು ಕೊಟ್ಟರು. ಎತ್ತರ ಸಾಲದ ರಮಾಬಾಯಿ ಆ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು.

ಕ್ರೈಸ್ತ ಸಾಕ್ಷಿಯ ಅಚ್ಚಿಗೆ ಈ ಭಾಗ ಸುಲಭವಾಗಿ ಒದಗುತ್ತದೆ. ಪೂರ್ವಮತದಲ್ಲಿ ಕಂಡ ನಿರಾಶೆಯನ್ನು ಹಿಗ್ಗಿಸಿ, ಹೆತ್ತವರನ್ನು ಮೌಢ್ಯದ ಬಲಿಪಶುಗಳೆಂದು ಚಿತ್ರಿಸಿದ್ದರೆ ವಿದೇಶದ ಓದುಗರು ಒಪ್ಪುತ್ತಿದ್ದರು. ೧೯೦೭ರಲ್ಲಿ ಪ್ರಕಟವಾದ ತಮ್ಮ ಸಾಕ್ಷ್ಯಕಥನದಲ್ಲಿ ರಮಾಬಾಯಿ ಕರ್ಮಾಚರಣೆಗಳು ಫಲಿಸಲಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತಾರೆ. ಸ್ತ್ರೀಶೂದ್ರರ ಬಗೆಗಿನ ಶಾಸ್ತ್ರವಿಧಿಗಳನ್ನು ಕಟುವಾಗಿ ಟೀಕಿಸುತ್ತಾರೆ. ಆದರೆ ತಂದೆತಾಯಿಯರ ಭಕ್ತಿ, ಪ್ರಾಮಾಣಿಕತೆ, ವಾತ್ಸಲ್ಯಗಳನ್ನು ಎಲ್ಲಿಯೂ ಕುಗ್ಗಿಸುವುದಿಲ್ಲ. ತಾವು ಬಿಟ್ಟುಬಂದ ಮತದ ಮೇಲಿನ ತೀರ್ಪನ್ನು ಆ ಮತದಲ್ಲಿ ಬಾಳಿದ ತಮ್ಮವರ ಮೇಲೆ ಹೇರದ ಈ ವಿವೇಕ ಅವರ ಕಥನದ ಮೊದಲ ಗುಣ.

೩

ಅನಂತರದ ವರ್ಷಗಳಲ್ಲಿ ಅಣ್ಣತಂಗಿಯರು ಸುಮಾರು ೪೦೦೦ ಮೈಲಿ ಕಾಲ್ನಡಿಗೆಯಲ್ಲಿ ಸಂಚರಿಸಿ ೧೮೭೮ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯವರನ್ನು ಪರೀಕ್ಷಿಸಿ ಪಂಡಿತಾ ಮತ್ತು ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಅದೇ ನಗರದಲ್ಲಿ ಅವರು ಮೊದಲ ಬಾರಿಗೆ ಒಂದು ಕ್ರೈಸ್ತ ಕೂಟಕ್ಕೆ ಹೋದರು. ಭಾರತೀಯ ಕ್ರೈಸ್ತರು ಬಿಳಿಯರೊಡನೆ ಕುಳಿತು ಚಹಾ, ಬಿಸ್ಕತ್ತು ಸೇವಿಸುವುದನ್ನು ಕಂಡು ಕಲಿಯುಗ ಪೂರ್ಣವಾಗಿ ಬಂದಿತೆಂದು ಅಣ್ಣತಂಗಿಯರು ಭಾವಿಸಿದರು. ಪ್ರಾರ್ಥನೆಗಾಗಿ ಅವರೆಲ್ಲ ಕುರ್ಚಿಗಳ ಎದುರು ಮಂಡಿಯೂರಿ ಕಣ್ಣು ಮುಚ್ಚಿದಾಗ, ಕುರ್ಚಿಗಳನ್ನೇ ಪೂಜಿಸುತ್ತಿರುವರೆಂದು ತಿಳಿದರು. ಉಡುಗೊರೆಯಾಗಿ ದೊರೆತ ಸಂಸ್ಕೃತ ಬೈಬಲ್ಲಿನ ಭಾಷೆ ಪಂಡಿತೆಗೆ ಅರ್ಥವಾಗಲಿಲ್ಲ. ಮುಂದೆ ಕ್ರೈಸ್ತ ಓದುಗರಿಗಾಗಿಯೇ ಬರೆದ ಕಥನದಲ್ಲಿ ಈ ಪ್ರಸಂಗವನ್ನು ಅವರು ಬಿಡಲಿಲ್ಲ. ಮೊದಲ ಭೇಟಿಯಲ್ಲಿ ಹೃದಯ ಕರಗಿತೆಂದು ಬರೆಯುವ ಅವಕಾಶವಿತ್ತು; ಅವರು ಬರೆದದ್ದು ಕುರ್ಚಿಗಳ ಸಂಗತಿಯನ್ನು.

೧೮೮೦ರಲ್ಲಿ ಅಣ್ಣ ಢಾಕಾದಲ್ಲಿ ನಿಧನರಾದರು. ಅದೇ ವರ್ಷ ರಮಾಬಾಯಿ ಬ್ರಾಹ್ಮಣೇತರ ವಕೀಲರಾದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಕಾನೂನುರೀತ್ಯಾ ವಿವಾಹವಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ನೆಲೆಸಿದರು. ಅಲ್ಲಿ ಪತಿಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆಯ ಚಿಕ್ಕ ಪ್ರತಿಯೊಂದು ಕಣ್ಣಿಗೆ ಬಿದ್ದಿತು. ಕ್ರೈಸ್ತಮತದತ್ತ ಪತ್ನಿಯ ಒಲವು ಪತಿಗೆ ರುಚಿಸಲಿಲ್ಲ. ೧೮೮೧ರಲ್ಲಿ ಮಗಳು ಮನೋರಮಾ ಜನಿಸಿದಳು. ೧೮೮೨ರ ಫೆಬ್ರುವರಿಯಲ್ಲಿ ಪತಿ ಕಾಲರಾಕ್ಕೆ ಬಲಿಯಾದರು. ಅದೇ ವರ್ಷ ಪುಣೆಗೆ ಬಂದ ರಮಾಬಾಯಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಪ್ರಕಟಿಸಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ನೀಡಿದರು. ಬ್ರಾಹ್ಮಣ ಮೂಲದ ಕ್ರೈಸ್ತ ತತ್ತ್ವಜ್ಞಾನಿ ನೆಹೆಮಿಯಾ ಗೋರೆಯವರ ಪರಿಚಯವಾದದ್ದೂ ಈ ಕಾಲದಲ್ಲಿಯೇ.

೪

ವೈದ್ಯಕೀಯ ಶಿಕ್ಷಣದ ಆಸೆಯಿಂದ ೧೮೮೩ರಲ್ಲಿ ರಮಾಬಾಯಿ ಎಳೆಯ ಮಗಳೊಡನೆ, ಗೆಳತಿ ಆನಂದಿಬಾಯಿ ಭಗತರೊಡನೆ ಇಂಗ್ಲೆಂಡಿಗೆ ಹೊರಟರು. ತಾವು ಮತಾಂತರಗೊಳ್ಳುವುದಿಲ್ಲವೆಂದು ಹೊರಡುವ ಮುನ್ನ ಹೇಳಿದ್ದರು. ವಾಂಟೇಜಿನ ಸಂತ ಮೇರಿ ಕನ್ಯಾಮಠದಲ್ಲಿ ಅವರಿಗೆ ಆಶ್ರಯ ದೊರೆಯಿತು. ಅದಕ್ಕೆ ಪ್ರತಿಯಾಗಿ ಭಾರತಕ್ಕೆ ಬರಲಿದ್ದ ಸಂನ್ಯಾಸಿನಿಯರಿಗೆ ಮರಾಠಿ ಕಲಿಸುವುದೆಂಬ ಒಪ್ಪಂದವಿತ್ತು. ಅದೇ ವರ್ಷ ಆನಂದಿಬಾಯಿ ಆತ್ಮಹತ್ಯೆ ಮಾಡಿಕೊಂಡರು. ಅದರ ಬೆನ್ನಲ್ಲೇ, ಸೆಪ್ಟೆಂಬರ್ ೨೯ರಂದು, ರಮಾಬಾಯಿ ಮತ್ತು ಮನೋರಮಾ ದೀಕ್ಷಾಸ್ನಾನ ಪಡೆದರು. ಪತಿತೆಯರೆಂದು ಸಮಾಜ ತಳ್ಳಿದ ಹೆಂಗಸರಿಗಾಗಿ ಸಂನ್ಯಾಸಿನಿಯರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ನಡೆಸುತ್ತಿದ್ದ ಆಶ್ರಯಧಾಮವನ್ನು ಕಂಡದ್ದು, ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸಿನ ಪ್ರಸಂಗವನ್ನು ಓದಿದ್ದು ತಮ್ಮ ಮನಸ್ಸನ್ನು ತಿರುಗಿಸಿದವೆಂದು ಅವರು ಮುಂದೆ ದಾಖಲಿಸಿದರು.

ದೀಕ್ಷಾಸ್ನಾನದೊಂದಿಗೆ ಪ್ರಶ್ನೆಗಳು ಮುಗಿಯಬೇಕೆಂದು ಮಠದ ನಿರೀಕ್ಷೆಯಿತ್ತು. ರಮಾಬಾಯಿಯವರ ಪಾಲಿಗೆ ಅವು ಅಲ್ಲಿಂದ ಆರಂಭವಾದವು. ಧರ್ಮಮಾತೆಯಾದ ಸಿಸ್ಟರ್ ಜೆರಾಲ್ಡೀನ್ ಮತ್ತು ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಡನೆ ನಡೆದ ಪತ್ರವ್ಯವಹಾರ ಇದಕ್ಕೆ ಆಧಾರ. ಜೆರಾಲ್ಡೀನರೇ ಸಂಗ್ರಹಿಸಿಟ್ಟ ಈ ಪತ್ರಗಳು ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ೧೯೭೭ರಲ್ಲಿ ಗ್ರಂಥರೂಪ ಪಡೆದವು. ತ್ರಯೈಕತ್ವ, ಕ್ರಿಸ್ತನ ದೈವತ್ವ, ಅಥನೇಸಿಯಸನ ವಿಶ್ವಾಸಪ್ರಮಾಣ ಮುಂತಾದ ವಿಷಯಗಳಲ್ಲಿ ತಮ್ಮ ಸಂದೇಹಗಳನ್ನು ರಮಾಬಾಯಿ ಮುಚ್ಚಿಡಲಿಲ್ಲ. ತಾವು ಕ್ರಿಸ್ತನನ್ನು ಒಪ್ಪಿದ್ದು ನಿಜ, ಆದರೆ ಇಂಗ್ಲೆಂಡಿನ ಸಭೆಯ ಪ್ರತಿಯೊಂದು ವಿಧಿಗೂ ಮನಸ್ಸಾಕ್ಷಿಯನ್ನು ಒಪ್ಪಿಸಿಲ್ಲವೆಂಬುದು ಅವರ ನಿಲುವಿನ ಸಾರ. ಸಸ್ಯಾಹಾರವನ್ನು ಅವರು ಬಿಡಲಿಲ್ಲ. ಮೊಟ್ಟೆ ಬೆರೆತ ತಿನಿಸನ್ನೂ ಮುಟ್ಟುತ್ತಿರಲಿಲ್ಲ. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಇರಬೇಕೆಂಬ ಮಾತು ಬಂದಾಗ, ತಮಗೂ ತಮ್ಮ ಜನರಿಗೂ ತಿಳಿಯದ ಆ ಭಾಷೆಯ ಬದಲು ಸಂಸ್ಕೃತವೇಕೆ ಆಗಬಾರದೆಂದು ಕೇಳಿದರು. ಚೆಲ್ಟನ್‌ಹ್ಯಾಮಿನಲ್ಲಿ ಗಂಡಸರಿಗೂ ಪಾಠ ಹೇಳುವ ವಿಚಾರಕ್ಕೆ ಭಾರತದ ಬಿಷಪ್ಪರು ಆಕ್ಷೇಪಿಸಿದಾಗ, ತಮ್ಮ ಪರವಾಗಿ ನಿರ್ಣಯಿಸುವ ಅಧಿಕಾರ ಅವರಿಗಿಲ್ಲವೆಂದು ಪ್ರತಿಭಟಿಸಿದರು.

ಈ ಪತ್ರಗಳ ಸಂದರ್ಭವನ್ನು ನೆನಪಿನಲ್ಲಿಡಬೇಕು. ಬರೆಯುತ್ತಿದ್ದವರು ಪರದೇಶದಲ್ಲಿ ಅನ್ನ, ವಸತಿ, ಶಿಕ್ಷಣಗಳಿಗೆ ಅದೇ ಸಮುದಾಯವನ್ನು ಅವಲಂಬಿಸಿದ್ದ, ಕಿವುಡುತನ ಹೆಚ್ಚಿ ವೈದ್ಯಕೀಯ ಓದಿನ ಆಸೆಯನ್ನೇ ಕೈಬಿಡಬೇಕಾಗಿ ಬಂದಿದ್ದ ಒಬ್ಬ ತರುಣ ವಿಧವೆ. ಸ್ವದೇಶದಲ್ಲಿ ಹಳೆಯ ಅಭಿಮಾನಿಗಳು ಆಗಲೇ ದೂರವಾಗಿದ್ದರು. ಮೌನವಾಗಿದ್ದರೆ ನಷ್ಟವೇನೂ ಇರಲಿಲ್ಲ. ಜೆರಾಲ್ಡೀನರ ದೃಷ್ಟಿಯಲ್ಲಿ ರಮಾಬಾಯಿಯವರದು ಅಹಂಕಾರ, ಕೃತಘ್ನತೆ. ಹೊಸ ವಿಶ್ವಾಸಿಯ ಸಂದೇಹವನ್ನು ನಡತೆಯ ದೋಷವೆಂದು ಓದುವ ಈ ಕ್ರಮದಲ್ಲಿ ಗುರು-ಶಿಷ್ಯ ಸಂಬಂಧದ ಜೊತೆಗೆ ಆಳುವ ದೇಶ-ಆಳಿಸಿಕೊಳ್ಳುವ ದೇಶಗಳ ಸಂಬಂಧವೂ ಬೆರೆತಿದೆ. ಆದರೂ ಅವರಿಬ್ಬರ ನಡುವಿನ ಅಕ್ಕರೆ ಕಡಿಯಲಿಲ್ಲ. ಪತ್ರಗಳನ್ನು ಜೋಪಾನ ಮಾಡಿದವರು ಜೆರಾಲ್ಡೀನರೇ ಎಂಬುದನ್ನು ಮರೆಯುವಂತಿಲ್ಲ.

೫

೧೮೮೬ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಪದವಿ ಪ್ರದಾನಕ್ಕೆಂದು ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ನಿಂತರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ೧೮೮೭ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಗೆ ಬಾಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘ ಅವರ ಯೋಜನೆಗೆ ಹಣ ಒದಗಿಸಿತು. ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂದಿತು. ಬಾಲವಿಧವೆಯರ ಈ ಶಾಲೆಯಲ್ಲಿ ಮತಬೋಧನೆ ನಡೆಯಕೂಡದೆಂಬುದು ನಿಯಮ. ರಾನಡೆ, ಭಂಡಾರಕರರಂತಹ ಸುಧಾರಕರು ಸಲಹಾಮಂಡಳಿಯಲ್ಲಿದ್ದರು. ಮುಂದೆ ಧೋಂಡೊ ಕೇಶವ ಕರ್ವೆಯವರ ಪತ್ನಿಯಾದ ಗೋದೂಬಾಯಿ ಇಲ್ಲಿಯ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರು.

೧೮೯೧ರಲ್ಲಿ ರಮಾಬಾಯಿಯವರ ಆಂತರಿಕ ಬದುಕಿನಲ್ಲಿ ತಿರುವೊಂದು ಬಂದಿತು. ಆಂಗ್ಲಿಕನ್ ಪಾದ್ರಿ ವಿಲಿಯಂ ಹ್ಯಾಸ್ಲಮ್ ಬರೆದ ಆತ್ಮವೃತ್ತಾಂತವನ್ನು ಓದಿದಾಗ, ದೀಕ್ಷೆ ಪಡೆದ ಬಳಿಕವೂ ಮತಾಂತರ ಹೊಂದದೆ ಉಳಿದವರು ಇರಬಹುದೆಂಬ ವಿಚಾರ ಅವರನ್ನು ತಟ್ಟಿತು. ತಮಗೆ ಈವರೆಗೆ ದೊರೆತದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂಬ ನಿರ್ಣಯಕ್ಕೆ ಅವರು ಬಂದರು.

ಈ ಅನುಭವದ ಬಳಿಕ ಅವರ ಮೌನ ಕಷ್ಟಸಾಧ್ಯವಾಯಿತು. ಅವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ತೆರೆದಿರುತ್ತಿತ್ತು. ಇಷ್ಟಪಟ್ಟ ಹುಡುಗಿಯರು ಬಂದು ಕೂರುತ್ತಿದ್ದರು. ಹುಡುಗಿಯರಿಗೆ ತಮ್ಮ ಮತವನ್ನು ಆಚರಿಸುವ ಸ್ವಾತಂತ್ರ್ಯವಿರುವಂತೆ ತಮಗೂ ಇದೆಯೆಂಬುದು ರಮಾಬಾಯಿಯವರ ವಾದ. ಆಶ್ರಯದಾತೆಯ ಪ್ರಾರ್ಥನೆ ಆಶ್ರಿತ ಬಾಲೆಯರ ಮೇಲೆ ಪ್ರಭಾವ ಬೀರದಿರದು, ಆದ್ದರಿಂದ ಇದು ಕೊಟ್ಟ ಮಾತಿಗೆ ಭಂಗವೆಂಬುದು ವಿರೋಧಿಗಳ ವಾದ. ಕೇಸರಿ ಪತ್ರಿಕೆ ಉಗ್ರವಾಗಿ ಟೀಕಿಸಿತು. ೧೮೯೩ರಲ್ಲಿ ಸಲಹಾಮಂಡಳಿಯವರು ರಾಜೀನಾಮೆ ಕೊಟ್ಟರು. ಅನೇಕ ಪೋಷಕರು ಹುಡುಗಿಯರನ್ನು ಕರೆದೊಯ್ದರು. ಈ ವಿವಾದವನ್ನು ಮತಾಂಧರು ಮತ್ತು ಸುಧಾರಕಿಯ ನಡುವಿನ ಕಲಹವೆಂದು ಸರಳೀಕರಿಸುವುದು ತಪ್ಪಾದೀತು. ರಾಜೀನಾಮೆ ಕೊಟ್ಟವರಲ್ಲಿ ವಿಧವಾಶಿಕ್ಷಣದ ನಿಷ್ಠಾವಂತ ಬೆಂಬಲಿಗರಿದ್ದರು. ನಂಬಿಕೆಯನ್ನು ಮರೆಮಾಚದಿರುವ ಪ್ರಾಮಾಣಿಕತೆಗೂ ನಂಬಿ ಬಂದವರಿಗೆ ಕೊಟ್ಟ ವಾಗ್ದಾನದ ಪ್ರಾಮಾಣಿಕತೆಗೂ ಇಲ್ಲಿ ಘರ್ಷಣೆ ಏರ್ಪಟ್ಟಿತ್ತು. ರಮಾಬಾಯಿ ಮೊದಲನೆಯದನ್ನು ಆರಿಸಿಕೊಂಡರು. ಅದರ ಬೆಲೆಯಾಗಿ ಮಹಾರಾಷ್ಟ್ರದ ಸಾರ್ವಜನಿಕ ಜೀವನದಲ್ಲಿ ತಮಗಿದ್ದ ಸ್ಥಾನವನ್ನು ಬಹುಮಟ್ಟಿಗೆ ಕಳೆದುಕೊಂಡರು.

೬

೧೮೯೬ರ ಕ್ಷಾಮಕಾಲದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ವಿಧವೆಯರನ್ನು, ಅನಾಥ ಬಾಲೆಯರನ್ನು ಕರೆತಂದರು. ಅಲ್ಲಿ ಕಂಡ ನೋಟಗಳು ತಮ್ಮ ಹೆತ್ತವರ ಸಾವನ್ನು ನೆನಪಿಗೆ ತಂದುದನ್ನು ಅವರು ೧೮೯೭ರಲ್ಲಿ ಬರೆದರು. ಪುಣೆಗೆ ಪೂರ್ವದಲ್ಲಿರುವ ಕೇಡಗಾವಿನಲ್ಲಿ ಮುಕ್ತಿ ಸದನ ಬೆಳೆದದ್ದು ಹೀಗೆ. ೧೯೦೦ರ ಗುಜರಾತ್ ಕ್ಷಾಮದ ಬಳಿಕ ನಿವಾಸಿಗಳ ಸಂಖ್ಯೆ ಸುಮಾರು ೨೦೦೦ದ ವರೆಗೆ ಏರಿತು. ಬೇಸಾಯ, ನೇಯ್ಗೆ, ಅಚ್ಚುಕೆಲಸಗಳನ್ನು ಸ್ತ್ರೀಯರೇ ನಿರ್ವಹಿಸಿದರು. ಶಾರದಾ ಸದನದಂತೆ ಇದು ಮತತಟಸ್ಥ ಸಂಸ್ಥೆಯಾಗಿರಲಿಲ್ಲ. ಆರಂಭದಿಂದಲೇ ಬಹಿರಂಗವಾಗಿ ಕ್ರೈಸ್ತ ಸಂಸ್ಥೆ.

೧೯೦೫ರಲ್ಲಿ ಮುಕ್ತಿ ಸದನದಲ್ಲಿ ಉಜ್ಜೀವನ ಕಾಣಿಸಿಕೊಂಡಿತು. ವೇಲ್ಸ್ ದೇಶದಲ್ಲಿಯೂ ಖಾಸಿ ಬೆಟ್ಟಗಳಲ್ಲಿಯೂ ಅದೇ ಕಾಲದಲ್ಲಿ ಇಂತಹ ಚಳವಳಿಗಳು ಎದ್ದಿದ್ದವು. ಹುಡುಗಿಯರು ಗಟ್ಟಿಯಾಗಿ ಅಳುತ್ತ ತಮ್ಮ ತಪ್ಪುಗಳನ್ನು ಎಲ್ಲರೆದುರು ಒಪ್ಪಿಕೊಂಡರು. ನೂರಾರು ಕಂಠಗಳು ಏಕಕಾಲದಲ್ಲಿ ಪ್ರಾರ್ಥಿಸಿದವು. ಕೆಲವು ಪಾಶ್ಚಾತ್ಯ ಮಿಶನರಿಗಳಿಗೆ ಈ ಗದ್ದಲ ಅಶಿಸ್ತೆನಿಸಿತು. ಭಾರತೀಯರು ತಮ್ಮ ಭಾವವನ್ನು ತಮ್ಮ ರೀತಿಯಲ್ಲಿ ವ್ಯಕ್ತಪಡಿಸಲು ಬಿಡಬೇಕೆಂದೂ ಪಾಶ್ಚಾತ್ಯ ಆರಾಧನಾಕ್ರಮವನ್ನು ಅವರ ಮೇಲೆ ಹೇರಬಾರದೆಂದೂ ರಮಾಬಾಯಿ ಸಮರ್ಥಿಸಿದರು. ಶಿಲುಬೆಯ ಮೇಲೆ ಸಂಸ್ಕೃತವನ್ನು ಬಯಸಿದ್ದ ತರುಣಿಯ ನಿಲುವೇ ಇಪ್ಪತ್ತು ವರ್ಷಗಳ ಬಳಿಕ ಅನಕ್ಷರಸ್ಥ ಹುಡುಗಿಯರ ಪರವಾಗಿ ಮಾತಾಡಿತೆನ್ನಬಹುದು.

ಇದಾದ ಎರಡು ವರ್ಷಕ್ಕೆ, ೧೯೦೭ರಲ್ಲಿ, ರಮಾಬಾಯಿಯವರ ಸಾಕ್ಷ್ಯಕಥನ ಮುಕ್ತಿ ಮುದ್ರಣಾಲಯದಲ್ಲಿಯೇ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ರಚನೆಯಲ್ಲಿ ಎದ್ದುಕಾಣುವ ಅಂಶವೆಂದರೆ ದೀಕ್ಷಾಸ್ನಾನದ ಸ್ಥಾನ. ಸಾಮಾನ್ಯ ಸಾಕ್ಷಿಯಲ್ಲಿ ಅದು ಕಥೆಯ ಶಿಖರ. ಇಲ್ಲಿ ೧೮೮೩ರ ದೀಕ್ಷೆ ಕಥೆಯ ನಡುವೆ ಬರುವ ಒಂದು ಘಟ್ಟ. ಅದರ ಬಳಿಕ ಎಂಟು ವರ್ಷಗಳ ಅತೃಪ್ತಿಯಿದೆ. ಆ ವರ್ಷಗಳಲ್ಲಿ ಅವರು ಕ್ರೈಸ್ತರೆಂದು ಎರಡು ಖಂಡಗಳಲ್ಲಿ ಮನ್ನಣೆ ಪಡೆದಿದ್ದರು, ಗ್ರಂಥ ಬರೆದಿದ್ದರು, ಹಣ ಸಂಗ್ರಹಿಸಿದ್ದರು, ಸಂಸ್ಥೆ ಕಟ್ಟಿದ್ದರು. ಆಗ ತಮ್ಮಲ್ಲಿ ಬುದ್ಧಿಯ ಒಪ್ಪಿಗೆಯಷ್ಟೇ ಇತ್ತೆಂದು ಒಪ್ಪಿಕೊಳ್ಳುವುದು, ತಮಗೆ ದೀಕ್ಷೆ ಕೊಟ್ಟವರ ಸಂತೃಪ್ತಿಯನ್ನೂ ತಮ್ಮ ಕೀರ್ತಿಯನ್ನೂ ಒಟ್ಟಿಗೆ ಪ್ರಶ್ನಿಸಿದಂತೆ. ಸಂಸ್ಥೆಯ ಮುಖ್ಯಸ್ಥೆಯಾಗಿ, ತಮ್ಮನ್ನು ತಾಯಿಯೆಂದು ಕಾಣುವ ಸಾವಿರಾರು ಸ್ತ್ರೀಯರ ನಡುವೆ ಅವರು ಇದನ್ನು ಅಚ್ಚುಹಾಕಿಸಿದರು. ನಾಯಕತ್ವದ ಸ್ಥಾನದಲ್ಲಿರುವವರು ತಮ್ಮ ಹಿಂದಿನ ಟೊಳ್ಳನ್ನು ಹೇಳಿಕೊಂಡಾಗ ಕೇಳುವವರಿಗೂ ಹೇಳಿಕೊಳ್ಳುವ ಧೈರ್ಯ ಬರುತ್ತದೆ. ಈ ಕಥನದ ಸಾಮುದಾಯಿಕ ಮೌಲ್ಯ ಇಲ್ಲಿದೆ.

೭

ಆದರೆ ಈ ಪ್ರಾಮಾಣಿಕತೆಗೂ ಎಲ್ಲೆಗಳಿದ್ದವು. ವಾಂಟೇಜಿನಲ್ಲಿ ಪ್ರಾಣಬಿಟ್ಟ ಗೆಳತಿ ಆನಂದಿಬಾಯಿ ಭಗತರಿಗೆ ೧೯೦೭ರ ಕಥನದಲ್ಲಿ ಸ್ಥಳವಿಲ್ಲ. ದಾಂಪತ್ಯದ ಪ್ರಸ್ತಾಪ ಬಲು ಚುಟುಕು. ಜೆರಾಲ್ಡೀನರೊಡನೆ ನಡೆದ ತೀವ್ರ ವಾಗ್ವಾದದ ಕಾವು ಅಲ್ಲಿ ತಣ್ಣಗಾಗಿದೆ. ಅದನ್ನು ತಿಳಿಯಲು ಖಾಸಗಿ ಪತ್ರಗಳಿಗೇ ಹೋಗಬೇಕು. ಇನ್ನೂ ಮುಖ್ಯವಾದ ಎಲ್ಲೆಯೊಂದಿದೆ. ೧೯೦೫ರಲ್ಲಿ ತಪ್ಪೊಪ್ಪಿಕೊಂಡ ಹುಡುಗಿಯರ ಮಾತುಗಳು ನಮಗೆ ದೊರೆಯುವುದು ಬಹುಪಾಲು ಮಿಶನರಿಗಳ ವರದಿಗಳ ಮೂಲಕ. ಅನ್ನ ಮತ್ತು ನೆಲೆ ಕೊಟ್ಟ ಮನೆಯಲ್ಲಿ ಸಾಕ್ಷಿ ಹೇಳುವ ಹುಡುಗಿಗೆ, ವಾಂಟೇಜಿನಲ್ಲಿ ರಮಾಬಾಯಿ ಹೇಳಿದಂತೆ ಇಲ್ಲವೆನ್ನುವ ಅವಕಾಶ ಎಷ್ಟಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಸಂಸ್ಕೃತ ವಿದ್ವತ್ತಿನ ಬಲ ರಮಾಬಾಯಿಯವರ ಬೆನ್ನಿಗಿತ್ತು. ಕ್ಷಾಮದಿಂದ ಉಳಿದುಬಂದ ಹುಡುಗಿಗೆ ಅದಿರಲಿಲ್ಲ.

ರಮಾಬಾಯಿಯವರ ಕೊನೆಯ ಹದಿನೆಂಟು ವರ್ಷಗಳ ಮುಖ್ಯ ಕಾಯಕ ಬೈಬಲ್ಲಿನ ಮರಾಠಿ ಅನುವಾದ. ಮೂಲಭಾಷೆಗಳಾದ ಹೀಬ್ರೂ, ಗ್ರೀಕ್‌ಗಳನ್ನು ನಡುವಯಸ್ಸಿನಲ್ಲಿ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯನ್ನು ಅವರು ಹುಡುಕಿದರು. ಕಲ್ಕತ್ತೆಯಲ್ಲಿ ಕೈಗೆ ಬಂದರೂ ಅರ್ಥವಾಗದೆ ಉಳಿದ ಗ್ರಂಥವನ್ನು ಈ ಹಿನ್ನೆಲೆಯಲ್ಲಿ ನೆನೆಯಬಹುದು. ೧೯೧೨ರ ಸುಮಾರಿಗೆ, ಅಂದು ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗದಲ್ಲಿ ಮನೋರಮಾ ಅವರ ನೆರವಿನೊಡನೆ ಶಾಲೆಯೊಂದನ್ನು ತೆರೆದರು. ಘಟ್ಟದಿಂದ ಬುಟ್ಟಿಯಲ್ಲಿ ಇಳಿದುಹೋದ ಮಗು ಕನ್ನಡ ನಾಡಿನೊಡನೆ ಮರಳಿ ಬೆಸೆದುಕೊಂಡ ಸಂಬಂಧವಿದು. ೧೯೨೧ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ಅನುವಾದದ ಕೆಲಸವನ್ನು ಮುಗಿಸಿ ೧೯೨೨ರ ಏಪ್ರಿಲ್ ೫ರಂದು ರಮಾಬಾಯಿ ನಿಧನರಾದರು. ಅವರ ಮರಾಠಿ ಬೈಬಲ್ ೧೯೨೪ರಲ್ಲಿ ಪೂರ್ಣವಾಗಿ ಹೊರಬಂದಿತು.

ರಮಾಬಾಯಿಯವರ ಬದುಕಿನಿಂದ ಸಾಕ್ಷಿಕಥನದ ಅಧ್ಯಯನಕ್ಕೆ ಮೂರು ಪ್ರಶ್ನೆಗಳು ದೊರೆಯುತ್ತವೆ. ಕಥೆಯನ್ನು ಹೇಳುವವರು ಕೇಳುವವರನ್ನು ಎಷ್ಟರಮಟ್ಟಿಗೆ ಅವಲಂಬಿಸಿದ್ದಾರೆ? ಕೇಳುವ ಸಮುದಾಯಕ್ಕೆ ಅಹಿತವಾದ ಯಾವ ಸಂಗತಿಯನ್ನು ಅವರು ಉಳಿಸಿಕೊಂಡಿದ್ದಾರೆ? ಹೇಳಿದ್ದಕ್ಕಾಗಿ ಅವರು ತೆತ್ತ ಬೆಲೆ ಯಾವುದು? ಸಾಕ್ಷಿಯ ನಿಜವನ್ನು ಅದರ ಭಾವಾವೇಶದಿಂದ ಅಳೆಯುವುದಕ್ಕಿಂತ ಈ ಮೂರರಿಂದ ಅಳೆಯುವುದು ಹೆಚ್ಚು ಫಲಪ್ರದ. ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿ ಮತ್ತು ಉತ್ತರ ಕರ್ನಾಟಕಗಳಲ್ಲಿ ಬಾಸೆಲ್ ಮಿಶನ್ನಿನ ಸಭೆಗಳನ್ನು ಸೇರಿದವರ ಕಥೆಗಳು ಮಿಶನ್ನಿನ ವರದಿಗಳಲ್ಲಿ ಅಡಕವಾಗಿವೆ. ಅವುಗಳನ್ನು ಮತಪ್ರಚಾರದ ದಾಖಲೆಗಳೆಂದು ಬದಿಗಿರಿಸುವ ಅಥವಾ ಭಕ್ತಿಯ ಉದಾಹರಣೆಗಳೆಂದು ಹಾಗೆಯೇ ಸ್ವೀಕರಿಸುವ ಕ್ರಮವನ್ನು ಬಿಟ್ಟು, ಈ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಓದಬೇಕಾಗಿದೆ. ಆಗ ವರದಿಗಾರನ ಧ್ವನಿಯ ಅಡಿಯಲ್ಲಿ ಹುದುಗಿರುವ ಸಾಕ್ಷಿಗಳ ಸ್ವಂತ ಧ್ವನಿ ಅಲ್ಲಲ್ಲಿಯಾದರೂ ಕೇಳಿಸೀತು.